ಬೇರುಭೇದ ಪ್ರಕರಣ

ರಾಜಾಜಿನಗರದಿಂದ ಕೆಂಗೇರಿಯವರೆಗೆ ಮೊಳೆಯುವ ಸಮಸ್ತ ಬೇರುಗಳು ಮೂರು ವಿಧ: ಪಾತ್ರೆಬೇರು, ಕಡ್ಡಿಬೇರು, ಗೋಡೆಬೇರು. ಒಂದು ಅಪವಾದವೂ ಉಂಟು. ಬೇರನ್ನು ಆಕಾರದಿಂದಲ್ಲ, ಅದನ್ನು ಆಳುವ ಹಾರ್ಮೋನಿನಿಂದ ಗುರುತಿಸಬೇಕೆಂಬುದು ನಮ್ಮ ಸಿದ್ಧಾಂತ. ತಾಯಿಬೇರು, ತಂತುಬೇರು ಎಂದು ಎರಡೇ ಹೇಳಿ ಪಾಠ ಮುಗಿಸುವ ಶಾಲಾಪುಸ್ತಕ ಇಲ್ಲಿ ಪೂರ್ವಪಕ್ಷ.

ಪಾತ್ರೆಬೇರಿನ ನೆಲೆ ಅಡುಗೆಮನೆ. ಒದ್ದೆ ಬಟ್ಟೆಯ ಗಂಟಿನಲ್ಲಿ ರಾತ್ರಿ ಕಳೆದ ಹೆಸರುಕಾಳು ಇದಕ್ಕೆ ಉದಾಹರಣೆ. ಉಪಭೇದ ಎರಡು, ನೀಳ ಮತ್ತು ಗಿಡ್ಡ. ಸಡಿಲ ಗಂಟಿನಲ್ಲಿ ಬೇರು ಸಪೂರವಾಗಿ ಉದ್ದಕ್ಕಿಳಿಯುತ್ತದೆ. ಬಿಗಿಯಾಗಿ ಕಟ್ಟಿ ಮೇಲೆ ಭಾರ ಹೇರಿದರೆ ಮೊಳಕೆ ಎಥಿಲೀನ್ ಎಂಬ ಅನಿಲರೂಪಿ ಹಾರ್ಮೋನನ್ನು ಹೆಚ್ಚು ಬಿಟ್ಟು, ಗಿಡ್ಡಗೆ ದಪ್ಪಗಾಗುತ್ತದೆ. ಮಾಗಿದ ಏಲಕ್ಕಿಬಾಳೆಯ ಚಿಪ್ಪಿನ ಜೊತೆ ಮುಚ್ಚಿಟ್ಟರೂ ಅದೇ ಫಲ. ಹಣ್ಣು ಬಿಡುವುದೂ ಅದೇ ಅನಿಲವನ್ನು. ಬೀದಿದೀಪದ ಗ್ಯಾಸಿನಲ್ಲಿದ್ದ ಎಥಿಲೀನ್ ಬಟಾಣಿ ಸಸಿಗಳನ್ನು ಹೀಗೆ ಕುಗ್ಗಿಸುತ್ತದೆಂದು ರಷ್ಯಾದ ನೆಲ್ಯುಬೊವ್ 1901ರಲ್ಲೇ ತೋರಿಸಿದ್ದ. ಸಾರಿಗೆ ಎರಡು ಉಪಭೇದಗಳೂ ಆಗುತ್ತವೆ.

ಕಡ್ಡಿಬೇರು ವಿಜಯನಗರದ ಬಾಲ್ಕನಿಗಳಲ್ಲಿ ಹೇರಳ. ದಾಸವಾಳ, ಗುಲಾಬಿ ಇದರ ಮುಖ್ಯ ಕುಲಗಳು. ಬೆಳಗಿನ ವಾಕಿಂಗಿನಲ್ಲಿ ಪರರ ಕಾಂಪೌಂಡಿನಿಂದ ಕೇಳಿ ತಂದದ್ದು, ಕೇಳದೆ ತಂದದ್ದು ಎಂದು ಇಲ್ಲೂ ಎರಡು ಉಪಭೇದಗಳಿವೆ. ಕದ್ದದ್ದು ಚೆನ್ನಾಗಿ ಬರುತ್ತದೆಂಬ ಲೋಕೋಕ್ತಿಗೆ ಸಸ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಇದರ ಅಧಿದೇವತೆ ಆಕ್ಸಿನ್. ಚಿಗುರಿನ ತುದಿಯಲ್ಲಿ ಹುಟ್ಟಿ ಕೆಳಗಿಳಿದು, ಕತ್ತರಿಸಿದ ಬುಡದಲ್ಲಿ ಶೇಖರವಾಗಿ ಹೊಸ ಬೇರನ್ನು ಹುಟ್ಟಿಸುತ್ತದೆ. ನರ್ಸರಿಯ ಪುಡಿಯಲ್ಲಿರುವ ಇಂಡೋಲ್ ಬ್ಯೂಟಿರಿಕ್ ಆಮ್ಲ ಇದೇ ಕುಲದ್ದು: ಎಳೆ ಕಡ್ಡಿಗೆ ಸುಮಾರು 1,000 ಪಿಪಿಎಂ, ಬಲಿತದ್ದಕ್ಕೆ 8,000ದವರೆಗೆ. ಸ್ವಾರಸ್ಯವೇನೆಂದರೆ, ಬೇರನ್ನು ಹುಟ್ಟಿಸುವ ಆಕ್ಸಿನ್ನೇ ಹುಟ್ಟಿದ ಬೇರು ಉದ್ದವಾಗದಂತೆ ತಡೆಯುತ್ತದೆ. ಕಾಂಡವನ್ನು ಬೆಳೆಸುವ ಪ್ರಮಾಣದ ಸಾವಿರದಲ್ಲೊಂದು ಪಾಲೂ ಬೇರಿಗೆ ಬೇಡ. ಮದುವೆಗೆ ಮೊದಲು ಹುರಿದುಂಬಿಸಿ ಆಮೇಲೆ ಸಂಸಾರದಲ್ಲಿ ತಲೆಹಾಕುವ ಸೋದರಮಾವನ ಹಾಗೆ ಇದರ ಸ್ವಭಾವ. ಪುಡಿಯಲ್ಲಿ ಕಡ್ಡಿಯನ್ನು ಚಕ್ಕುಲಿಹಿಟ್ಟಿನಂತೆ ಮೆತ್ತುವವರು ಇದನ್ನು ಗಮನಿಸತಕ್ಕದ್ದು. ಅದ್ದಿದ ಮೇಲೆ ಒಮ್ಮೆ ತಟ್ಟಿ ಉದುರಿಸಬೇಕು. ಪ್ರಯೋಗಶಾಲೆಗಳಲ್ಲಿ ಬೇರು ಬರಿಸುವ ಶಕ್ತಿಯನ್ನು ಅಳೆಯಲು ಬಳಸುವುದು, ಯಾವುದೋ ಅಪರೂಪದ ಗಿಡವನ್ನಲ್ಲ, ಹೆಸರುಕಾಳಿನ ಸಸಿಯ ಕಾಂಡವನ್ನೇ. ಹೀಗೆ ಮೊದಲ ವರ್ಗ ಎರಡನೆಯದರೊಳಗೆ ನುಗ್ಗುತ್ತದೆ. ವರ್ಗೀಕರಣಕಾರರು ಇಂಥದ್ದನ್ನು ಕಂಡೂ ಕಾಣದಂತಿರುವುದು ವಾಡಿಕೆ.

ಕಡ್ಡಿ ಬೇರು ಬಿಡಲೆಂದು ಕುಂಡಕ್ಕೆ ಎಳನೀರು ಹೊಯ್ಯಬೇಕೆನ್ನುವ ಪಂಥವೊಂದಿದೆ. 1941ರಲ್ಲಿ ಅಮೆರಿಕದಲ್ಲಿ ಉಮ್ಮತ್ತಿಯ ಭ್ರೂಣಗಳನ್ನು ತೆಂಗಿನ ನೀರಿನಿಂದ ಬೆಳೆಸಿದ್ದು ನಿಜ. ಆದರೆ ಆ ನೀರಿನ ಖ್ಯಾತಿ ಬಹುಪಾಲು ಸೈಟೊಕೈನಿನ್ ಎಂಬ ಹಾರ್ಮೋನಿನದು. ಅದು ಚಿಗುರಿನ ಪಕ್ಷಪಾತಿ, ಕವಲುಬೇರಿಗೆ ಅಡ್ಡಗಾಲು. ಆಕ್ಸಿನ್ ಹೆಚ್ಚಾದರೆ ಬೇರು, ಸೈಟೊಕೈನಿನ್ ಹೆಚ್ಚಾದರೆ ಚಿಗುರು ಎಂದು ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲಿ ತಂಬಾಕಿನ ಅಂಗಾಂಶದ ಮೇಲೆ ಸಾಧಿಸಿದರು. ಎಳನೀರನ್ನು ಕುಡಿಯುವುದೇ ಶಾಸ್ತ್ರಸಮ್ಮತ.

ಅಪವಾದ: ಮನಿಪ್ಲಾಂಟ್. ಅದರ ಗೆಣ್ಣಿನಲ್ಲಿ ಬೇರಿನ ಮೊಗ್ಗು ಮೊದಲೇ ಸಿದ್ಧವಿರುವುದರಿಂದ ಬಾಟಲಿ ನೀರೇ ಸಾಕು.

ಗೋಡೆಬೇರು ಬಸವೇಶ್ವರನಗರದ ಹಳೆಯ ಮನೆಗಳ ಸಜ್ಜೆಯಲ್ಲಿ ಸಿಗುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಅರಳಿಬೀಜ ಅಡ್ಡಬಿದ್ದರೂ ಬೇರು ಕೆಳಕ್ಕೇ ಬಾಗುತ್ತದೆ: ಕೆಳಮಗ್ಗುಲಲ್ಲಿ ಕೂಡುವ ಆಕ್ಸಿನ್ ಅಲ್ಲಿನ ಬೆಳವಣಿಗೆಯನ್ನು ತಡೆಯುವುದರಿಂದ. ನೆಲದ ಸೆಳೆತವನ್ನು ಅರಿಯುವುದು ಬೇರಿನ ತುದಿಯೇ ಎಂದು ಡಾರ್ವಿನ್ ಮಗ ಫ್ರಾನ್ಸಿಸ್‌ನೊಡನೆ 1880ರಲ್ಲಿ ಬರೆದಿದ್ದ. ಮಾರ್ಚ್–ಏಪ್ರಿಲ್‌ನಲ್ಲಿ ಗೋಡೆ ಒಣಗಿದಾಗ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚಿ, ಎಲೆಯ ರಂಧ್ರಗಳನ್ನು ಮುಚ್ಚಿಸುತ್ತದೆ. ಬೇರಿನಲ್ಲಿ ಎಥಿಲೀನನ್ನು ಹದ್ದುಬಸ್ತಿನಲ್ಲಿಟ್ಟು ಬೇರು ಇಳಿಯುತ್ತಲೇ ಇರುವಂತೆ ನೋಡಿಕೊಳ್ಳುತ್ತದೆ. ಮೇಲೆ ಗಿಡ ನಿಂತಂತೆ ಕಂಡರೂ ಒಳಗೆ ಬೇರು ನಿಂತಿರುವುದಿಲ್ಲ. ಆದ್ದರಿಂದ ಸಜ್ಜೆಯ ಮೇಲೆ ಎರಡೆಲೆ ಕಂಡ ದಿನವೇ ಕೀಳಿ. ಅಶ್ವತ್ಥವನ್ನು ಕೀಳುವುದು ಪಾಪವೆನ್ನುವವರು ಬೇರುಸಹಿತ ಬಿಡಿಸಿ ಕುಂಡದಲ್ಲಿಡಿ, ಮಳೆ ಹಿಡಿದ ಮೇಲೆ ಬಯಲಲ್ಲಿ ನೆಡಿ.