ಬೂಟಿಗೊಂದು ಚಳಿಗಾಲ

ಮುಂಬಯಿಗೆ ಚಳಿಗಾಲ ಮೊದಲು ಕಾಲಿಡುವುದು ಮರಾಠಿ ಪತ್ರಿಕೆಗಳಲ್ಲಿ. ಡಿಸೆಂಬರ್ ಕೊನೆಗೋ ಜನವರಿಯ ಶುರುವಿಗೋ ಒಂದು ಬೆಳಿಗ್ಗೆ ಮುಖಪುಟದಲ್ಲಿ ‘ಮುಂಬಯಿ ಗಾರಠಲಿ’ (ಮುಂಬಯಿ ಚಳಿಗೆ ಮರಗಟ್ಟಿತು) ಎಂಬ ದಪ್ಪಕ್ಷರದ ತಲೆಬರಹ ಬರುತ್ತದೆ. ಕೆಳಗೆ ಸಾಂತಾಕ್ರೂಜಿನ ಉಷ್ಣಾಂಶ: 15 ಡಿಗ್ರಿ. ಅದನ್ನು ಓದುವವರೆಗೆ ಬನಿಯನ್ನಿನಲ್ಲೇ ಚಹಾ ಕುಡಿಯುತ್ತಿದ್ದವರು ಓದಿದ ತಕ್ಷಣ ಶಾಲು ಹುಡುಕತೊಡಗುತ್ತಾರೆ. ಸಂಜೆಯೊಳಗೆ ನಮ್ಮ ವಿಕ್ರೋಳಿ ಸ್ಟೇಷನ್ನಿನ ಹೊರಗಿನ ಫುಟ್‌ಪಾತಿನಲ್ಲಿ ಮಂಕಿ ಕ್ಯಾಪುಗಳ ರಾಶಿ ಬೀಳುತ್ತದೆ.

ಹಾಗೆಂದು ನಮಗೆ ಚಳಿಯ ಇತಿಹಾಸವೇ ಇಲ್ಲವೆಂದು ಯಾರೂ ಹಗುರವಾಗಿ ಮಾತಾಡಬಾರದು. 1962ರ ಜನವರಿ 22ರಂದು ಸಾಂತಾಕ್ರೂಜಿನಲ್ಲಿ ಪಾದರಸ 7.4 ಡಿಗ್ರಿಗೆ ಇಳಿದಿತ್ತು. ನಮ್ಮ ಸೊಸೈಟಿಯ ಹಿರಿಯರೊಬ್ಬರು ಆವತ್ತು ತಾವು ಸ್ನಾನ ಮಾಡಲಿಲ್ಲ ಎಂಬುದನ್ನು ಈಗಲೂ ಸ್ವಾತಂತ್ರ್ಯ ಹೋರಾಟದ ನೆನಪಿನ ಧಾಟಿಯಲ್ಲಿ ಹೇಳಿಕೊಳ್ಳುತ್ತಾರೆ.

ಇಂಥ ಊರಿನಲ್ಲಿದ್ದುಕೊಂಡು, ಚಳಿಗಾಲಕ್ಕೆಂದು ಒಂದು ಜೊತೆ ಗಟ್ಟಿ ಚರ್ಮದ ಬೂಟು ಕೊಳ್ಳಬೇಕೆಂದು ನಾನು ಮನೆಯಲ್ಲಿ ಪ್ರಸ್ತಾಪಿಸಿದೆ.

“ಎಂಥ ಮಾರಾಯ್ರೆ, ಕಾರ್ಗಿಲಿಗೆ ಹೊರಟದ್ದಾ?” ಎಂದಳು ಹೆಂಡತಿ. ಅವಳ ವಾದಕ್ಕೆ ಸ್ಥಳೀಯ ಸಾಕ್ಷಿಯೂ ಇತ್ತು. ವಿಕ್ರೋಳಿಯ ಪೂರ್ವಕ್ಕೆ ಹೆದ್ದಾರಿ ದಾಟಿದರೆ ಕಾಂಡ್ಲಾ ಕಾಡು, ಅದರಾಚೆ ಥಾಣೆ ಖಾರಿ. ಪ್ರತಿ ಚಳಿಗಾಲ ಅಲ್ಲಿಗೆ ಸಾವಿರಾರು ಫ್ಲೆಮಿಂಗೋಗಳು ಬರುತ್ತವೆ. ಸರಕಾರ 2015ರಲ್ಲಿ ಅವುಗಳಿಗೆಂದೇ ಅಭಯಾರಣ್ಯ ಘೋಷಿಸಿತು, 2022ರಲ್ಲಿ ಆ ಖಾರಿಗೆ ಜೌಗುಪ್ರದೇಶಗಳಿಗೆ ಕೊಡುವ ರಾಮ್ಸಾರ್ ಮನ್ನಣೆಯೂ ಸಿಕ್ಕಿತು. “ಅಷ್ಟು ದೂರದಿಂದ ಚಳಿಗಾಲ ಕಳೆಯಲಿಕ್ಕೆ ಬಂದ ಹಕ್ಕಿಗಳೇ ಬರಿಗಾಲಲ್ಲಿ ಕೆಸರಲ್ಲಿ ನಿಲ್ತವೆ. ನಿಮಗೆ ಮಾತ್ರ ಬೂಟು ಬೇಕಾ?” ಎಂದು ಕೇಳಿದಳು.

ಬೂಟಿನ ಆಸೆಗೆ ಕಾರಣ ಚಳಿಯಲ್ಲ, ‘ಶೋಲೆ’. 1975ರ ಆ ಚಿತ್ರದಲ್ಲಿ ಗಬ್ಬರ್ ಸಿಂಗನ ಮುಖಕ್ಕಿಂತ ಮೊದಲು ನಮಗೆ ಕಾಣುವುದು ಅವನ ಬೂಟು. ನಮ್ಮ ರಾಮನಗರದ ಬಂಡೆಗಳ ಮೇಲೆ ಅದು ಟಕ್ ಟಕ್ ಎಂದು ಅತ್ತಿತ್ತ ಓಡಾಡುವಾಗಲೇ ಮಂದಿಗೆ ಅರ್ಧ ಜೀವ ಹೋಗಿರುತ್ತದೆ. ಕೊನೆಗೆ ಅವನನ್ನು ಬಗ್ಗುಬಡಿಯುವುದೂ ಠಾಕೂರನ ಮೊಳೆ ಹೊಡೆದ ಜೋಡೇ. ಕರ್ನಾಟಕದ ಬಂಡೆಗಳ ಮೇಲೆ ಪಾದರಕ್ಷೆಗಳೇ ಅನ್ಯಾಯ, ಪಾದರಕ್ಷೆಗಳೇ ನ್ಯಾಯ ಮಾಡಿದ್ದನ್ನು ಚಿಕ್ಕಂದಿನಲ್ಲಿ ನೋಡಿದವನಿಗೆ ಹವಾಯಿ ಚಪ್ಪಲಿಯಲ್ಲಿ ಆತ್ಮಗೌರವ ಉಳಿಯುವುದು ಕಷ್ಟ.

ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ ಮಾಲ್ ಒಂದಕ್ಕೆ ಹೋದೆ, ಬೇಕೆಂದೇ ಸಂಜೆಯ ಹೊತ್ತು. ಬೆಳಗಿನಿಂದ ಓಡಾಡಿದ ಕಾಲು ಸಂಜೆಗೆ ತುಸು ಊದಿಕೊಂಡಿರುತ್ತದೆ. ಆಗ ಸರಿಯಾದ ಬೂಟು ಯಾವಾಗಲೂ ಸರಿ. ವಿಕ್ರೋಳಿಯಿಂದ ಸ್ಲೋ ಲೋಕಲ್ಲಿನಲ್ಲಿ ನಿಂತುಕೊಂಡೇ ಕಚೇರಿಗೆ ಹೋಗಿ ಬರುವವನ ಕಾಲು ಊದಲು ಬೇರೆ ಏರ್ಪಾಡೇನೂ ಬೇಡ.

ಅಂಗಡಿಯ ಹುಡುಗ ತಂದಿಟ್ಟ ಬೂಟುಗಳೆಲ್ಲ ಕನ್ನಡಿಯಷ್ಟು ಮಿರುಗುತ್ತಿದ್ದವು. ಯಾವುದನ್ನು ಕೇಳಿದರೂ “ಜೆನ್ಯೂಯಿನ್ ಲೆದರ್, ಸರ್” ಎನ್ನುವುದೊಂದೇ ಉತ್ತರ. ಚರ್ಮದ ಲೋಕದಲ್ಲೂ ಜಾತಿಪದ್ಧತಿ ಬಲವಾಗಿದೆ. ತೊಗಲಿನ ಮೇಲ್ಪದರವನ್ನು ಉಜ್ಜದೆ, ಸೊಳ್ಳೆ ಕಚ್ಚಿದ ಕಲೆ, ಮುಳ್ಳು ಗೀರಿದ ಗೆರೆ ಸಮೇತ ಉಳಿಸಿಕೊಂಡದ್ದು ಫುಲ್ ಗ್ರೇನ್. ಆ ಕಲೆಗಳನ್ನು ಉಜ್ಜಿ ನುಣುಪು ಮಾಡಿದ್ದು ಟಾಪ್ ಗ್ರೇನ್. ಮೇಲಿನದನ್ನು ಸೀಳಿಕೊಂಡ ಮೇಲೆ ಉಳಿದ ಕೆಳಪದರಕ್ಕೆ ಬಣ್ಣ ಬಳಿದದ್ದು ಸ್ಪ್ಲಿಟ್. ಇನ್ನೂ ಕೆಳಗೆ ಚೂರುಪಾರುಗಳನ್ನು ಅರೆದು ಅಂಟು ಹಾಕಿ ಹಾಳೆ ಮಾಡಿದ್ದು ಬಾಂಡೆಡ್. ಇವುಗಳಲ್ಲಿ ಯಾವುದರ ಮೇಲೆ ಬೇಕಾದರೂ ‘ಜೆನ್ಯೂಯಿನ್’ ಚೀಟಿ ಕಂಡರೆ ಆಶ್ಚರ್ಯಪಡಬೇಕಿಲ್ಲ. ಮಿರುಗುವುದೆಲ್ಲ ಬಣ್ಣದ ಗುಣ; ಒಳ್ಳೆಯ ಚರ್ಮಕ್ಕೆ ರಂಧ್ರ, ಸುಕ್ಕು, ಕಲೆ ಎಲ್ಲ ಇರುತ್ತದೆ. ಈ ತತ್ತ್ವವನ್ನು ಮನೆಯಲ್ಲಿ ವಿವರಿಸಿದಾಗ ಹೆಂಡತಿ ನನ್ನ ಮುಖವನ್ನೇ ನೋಡಿ, “ಹಾಗಾದ್ರೆ ನೀವು ಫುಲ್ ಗ್ರೇನೇ” ಎಂದು ಸರ್ಟಿಫಿಕೇಟು ಕೊಟ್ಟಳು.

ಹುಡುಗನ ಕಣ್ತಪ್ಪಿಸಿ ಒಂದು ಬೂಟಿನ ಫೋಟೋ ತೆಗೆದುಕೊಂಡು ಬಂದು, ಸ್ಟೇಷನ್ ಹೊರಗೆ ತಗಡಿನ ಗಟಾಯಿ ಸ್ಟಾಲಿನಲ್ಲಿ ಕೂರುವ ಚಮ್ಮಾರ ಅಣ್ಣನಿಗೆ ತೋರಿಸಿದೆ. ಅವರು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನವರು. ಮಹಾರಾಷ್ಟ್ರದ ರೇಶನ್ ಕಾರ್ಡು, ಬಾಯಲ್ಲಿ ಬಿಜಾಪುರದ ಗಾಳಿ ಹೊಡೆದ ಕನ್ನಡ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಸಾಹೇಬ್ರ, ನೀವು ತೋರಸಾಕ್ಹತ್ತಿದ್ದು ಚರ್ಮದ ಫೋಟೋ ಅಲ್ರಿ. ಆ ಅಂಗಡ್ಯಾಗ ಇರೂದs ಚರ್ಮದ ಫೋಟೋ.”

ಆಮೇಲೆ ನನಗೆ ಪುಕ್ಕಟೆ ಪಾಠ ಶುರುವಾಯಿತು. ಯಾರದೋ ರಿಪೇರಿಗೆ ಬಂದ ಬೂಟನ್ನು ಎತ್ತಿ, ಅಟ್ಟೆಯ ಅಂಚಿನ ಮೇಲೆ ಸಾಲಾಗಿ ಕಾಣುತ್ತಿದ್ದ ಬಿಳಿ ಹೊಲಿಗೆಯನ್ನು ರಾಪಿಯ ತುದಿಯಿಂದ ಕೆರೆದರು. ದಾರ ಮೇಲೇಳಲಿಲ್ಲ. ಅದು ಹೊಲಿಗೆಯೇ ಅಲ್ಲ, ರಬ್ಬರಿನ ಅಚ್ಚಿನಲ್ಲೇ ಮೂಡಿಸಿದ ಅಲಂಕಾರ! ಅಟ್ಟೆ ನಿಂತದ್ದು ಬರೀ ಪೇಸ್ಟಿನ ಮೇಲೆ. ಇನ್ನೊಂದು ಬೂಟು ತೆಗೆದರು. ಮೇಲ್ಚರ್ಮಕ್ಕೂ ಅಟ್ಟೆಗೂ ನಡುವೆ ಸುತ್ತಲೂ ಒಂದು ಚರ್ಮದ ಪಟ್ಟಿ. ಮೇಲ್ಚರ್ಮವನ್ನು ಆ ಪಟ್ಟಿಗೆ ಹೊಲಿದು, ಪಟ್ಟಿಯನ್ನು ಅಟ್ಟೆಗೆ ಬೇರೆಯಾಗಿ ಹೊಲಿದಿದ್ದರು. ಅಟ್ಟೆ ಸವೆದರೆ ಹೊರಗಿನ ಹೊಲಿಗೆ ಬಿಚ್ಚಿ ಹೊಸದನ್ನು ಹಾಕಬಹುದು, ಮೇಲಿನ ಚರ್ಮಕ್ಕೆ ನೋವಿಲ್ಲ. ಇದಕ್ಕೆ ಗುಡ್‌ಇಯರ್ ವೆಲ್ಟ್ ಎನ್ನುತ್ತಾರೆ. ರಬ್ಬರನ್ನು ಹದಗೊಳಿಸಿ ಹೆಸರಾದ ಚಾರ್ಲ್ಸ್ ಗುಡ್‌ಇಯರ್ ಅವರ ಮಗ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೊಲಿಗೆಗೆ ಯಂತ್ರ ತಂದ. ಚಮ್ಮಾರ ಅಣ್ಣನಿಗೆ ಆ ಹೆಸರು ಬೇಕಿರಲಿಲ್ಲ. “ಇದು ಬಿಚ್ಚಿದ್ರ ಮತ್ತ ಹೊಲೀಬಹುದು. ಅದು ಬಿಚ್ಚಿದ್ರ ಒಗೀಬೇಕು. ಇಷ್ಟs ಫರಕು” ಎಂದರು.

“ಹಾಗಾದ್ರೆ ಸೇಫ್ಟಿ ಶೂ ತಗೊಳ್ಳಲಾ?” ಎಂದು ಕೇಳಿದೆ. ವಿಕ್ರೋಳಿ ಕಾರ್ಖಾನೆಗಳ ಊರು. 1951-52ರ ಮೊದಲ ಮಹಾಚುನಾವಣೆಗೆ ಉಕ್ಕಿನ ಮತಪೆಟ್ಟಿಗೆಗಳು ಲಕ್ಷಗಟ್ಟಲೆ ತಯಾರಾದದ್ದು ಇಲ್ಲಿಯ ಗೋದ್ರೆಜ್ ಕಾರ್ಖಾನೆಯಲ್ಲಿ. ಹೀಗಾಗಿ ಇಲ್ಲಿ ಗಟ್ಟಿ ಬೂಟೆಂದರೆ ಎಲ್ಲರಿಗೂ ನೆನಪಾಗುವುದು ಮುಂಗಾಲಿಗೆ ಉಕ್ಕಿನ ಟೊಪ್ಪಿ ಇರುವ ಕಾರ್ಮಿಕರ ಬೂಟು. 200 ಜೂಲ್ ಹೊಡೆತ, ಅಂದರೆ ಸುಮಾರು 20 ಕಿಲೋ ಭಾರ ಒಂದು ಮೀಟರ್ ಮೇಲಿನಿಂದ ಬಿದ್ದರೂ ಬೆರಳು ಉಳಿಯಬೇಕೆಂಬುದು ಅದಕ್ಕಿರುವ ನಿಯಮ. ಬೆಳಗಿನ ಲೋಕಲ್ಲಿನಲ್ಲಿ ಕುರ್ಲಾ ಬರುವಷ್ಟರಲ್ಲಿ ನನ್ನ ಕಾಲಿನ ಮೇಲೆ ಇದಕ್ಕಿಂತ ದೊಡ್ಡ ಭಾರಗಳು ಇಳಿದು ಹತ್ತಿರುತ್ತವೆ. ಆದರೆ ಆ ಬೂಟಿನ ತೂಕ ಹೊತ್ತು ಸೇತುವೆಯ ಮೆಟ್ಟಿಲು ಹತ್ತುವುದರೊಳಗೆ ಟ್ರೇನು ಘಾಟ್ಕೋಪರ್ ಸೇರಿರುತ್ತದೆ.

ಅಷ್ಟರಲ್ಲಿ ಚಮ್ಮಾರ ಅಣ್ಣನಿಗೆ ಊರ ಅಭಿಮಾನ ಉಕ್ಕಿತು. ಅಥಣಿ ಅವರ ಕಡೆಯವರಿಗೆ ದೂರವೇನಲ್ಲ. ಜಾಲಿಯ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮಕ್ಕೆ ಒಂದೂ ಮೊಳೆ ಹೊಡೆಯದೆ, ಚರ್ಮದ ದಾರದಲ್ಲೇ ಹೊಲಿದ ಚಪ್ಪಲಿ ಅಲ್ಲಿಯದು. ಕೊಲ್ಹಾಪುರಿ ಎಂದು ಹೆಸರಾದರೂ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸಮಪಾಲು ಇದೆ. ಗಡಿ ತಂಟೆಯಲ್ಲಿ ಎರಡೂ ರಾಜ್ಯಗಳು ಒಂದೇ ಜೊತೆಯ ಎಡಬಲವಾಗಿ ನಿಂತ ಅಪರೂಪದ ಸಂಗತಿ ಇದು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇಂಥದೇ ಉಂಗುಷ್ಟದ ಚಪ್ಪಲಿ ಮೆರೆಸಿ, ಮೂಲದ ಹೆಸರು ಹೇಳದೆ ಗದ್ದಲವಾಗಿ, ಆಮೇಲೆ ಸ್ಫೂರ್ತಿ ಇಲ್ಲಿಯದೇ ಎಂದು ಒಪ್ಪಿಕೊಂಡಿತು. “ಅಷ್ಟು ದೊಡ್ಡ ಸಾಹುಕಾರ ಚಪ್ಪಲಿ ಮ್ಯಾಲ ಮನಸ್ಸಿಟ್ಟಾನ. ನೀವು ಬೂಟಿನ ಬೆನ್ನ ಹತ್ತೀರಿ” ಎಂದು ಅಣ್ಣ ತಲೆಯಾಡಿಸಿದರು. ನಾನು ಗಬ್ಬರನ ಹೆಸರು ಎತ್ತಲಿಲ್ಲ.

ನನ್ನ ಪಟ್ಟು ಸಡಿಲವಾಗದ್ದನ್ನು ಕಂಡು, ನಿಜವಾದ ಪಾಠವನ್ನು ಆಗ ಹೇಳಿದರು. ಸ್ಟಾಲಿನ ಮೂಲೆಯಿಂದ ಒಂದು ಬೂಟು ತೆಗೆದು ಕೈಗಿಟ್ಟರು. ಮೇಲೆ ನೋಡಿದರೆ ಹೊಚ್ಚ ಹೊಸದು, ಒಂದು ಸುಕ್ಕಿಲ್ಲ. ತಿರುಗಿಸಿದೆ, ಅಟ್ಟೆ ಬೆರಳು ತಾಗಿದಲ್ಲೆಲ್ಲ ಪುಡಿಪುಡಿಯಾಗಿ ಪ್ಯಾಂಟಿನ ಮೇಲೆ ಉದುರಿತು.

“ಮದುವಿಗಂತ ತಗೊಂಡಿದ್ರಂತ. ಕಪಾಟಿನ್ಯಾಗ ಇಟ್ಟಿದ್ರು. ಇನ್ನೊಂದು ಮದುವಿಗೆ ಹಾಕ್ಕೊಂಡು ಹೋದ್ರು, ಅಕ್ಕಿ ಕಾಳು ಹಾಕೂದ್ರಾಗ ಅಟ್ಟಿ ಮಂಟಪದಾಗ ಉಳೀತು.”

ಇದು ಪಿಯು ಅಟ್ಟೆಯ ಮಹಿಮೆ. ಪಾಲಿಯುರೆಥೇನಿಗೆ ಗಾಳಿಯ ತೇವ ಸೇರಿದರೆ ಒಳಗಿನ ಕೊಂಡಿಗಳು ವರ್ಷಗಳಲ್ಲಿ ಒಂದೊಂದಾಗಿ ಕಳಚುತ್ತವೆ. ಹಗುರ, ಮೆತ್ತಗೆ, ಅಗ್ಗ ಎಂದು ಎಲ್ಲ ಕಡೆ ಅದೇ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, 2005ರ ಜುಲೈ 26ರಂದು ಒಂದೇ ದಿನದಲ್ಲಿ 944 ಮಿಲಿಮೀಟರ್ ಸುರಿದ ನಗರದಲ್ಲಿ ಕಪಾಟಿನೊಳಗೂ ಮಳೆಗಾಲವೇ. ಚಳಿಗಾಲಕ್ಕೆಂದು ಜೋಪಾನವಾಗಿ ಎತ್ತಿಟ್ಟ ಬೂಟು ಚಳಿಗಾಲವನ್ನು ನೋಡುವುದೇ ಇಲ್ಲ. ಅದು ಜುಲೈಯಲ್ಲೇ ಡಬ್ಬದೊಳಗೆ ಸದ್ದಿಲ್ಲದೆ ತೀರಿಕೊಂಡಿರುತ್ತದೆ. ಬಾಕಿ ಉಳಿದ ಚರ್ಮಕ್ಕೆ ಬೂಷ್ಟು ಬಂದು, ಡಬ್ಬ ತೆರೆದವರಿಗೆ ಒಳಗಿರುವುದು ಬೂಟೋ ಹಳೆಯ ಉಪ್ಪಿನಕಾಯಿಯೋ ಎಂದು ಅನುಮಾನ ಬರುತ್ತದೆ.

ಮುಂಬಯಿಯಲ್ಲಿ ಚಳಿಗಾಲದ ಬೂಟು ಆರಿಸುವುದೆಂದರೆ ಮಳೆಗಾಲ ದಾಟುವ ಬೂಟನ್ನು ಆರಿಸುವುದು ಎಂಬುದು ನನಗೆ ಸ್ಪಷ್ಟವಾಯಿತು. ಹಿಮಕ್ಕೆ ಜಗ್ಗದ್ದು, ಮಂಜಿಗೆ ಬಗ್ಗದ್ದು ಎಂಬ ಜಾಹೀರಾತು ಓದಿ ಪ್ರಯೋಜನವಿಲ್ಲ. ರಬ್ಬರ್ ಅಟ್ಟೆ, ನಿಜವಾದ ಹೊಲಿಗೆ, ಉಸಿರಾಡುವ ಚರ್ಮ: ಮೂರೂ ಇರಬೇಕು.

ನಾಲ್ಕನೆಯ ಶರತ್ತನ್ನು ಹೆಂಡತಿ ಸೇರಿಸಿದಳು: ಬೇಗ ಬಿಚ್ಚಲು ಬರಬೇಕು. ಬೂಟನ್ನು ಕಂಡುಹಿಡಿದವರು ಬೆಳಿಗ್ಗೆ ಹಾಕಿ ರಾತ್ರಿ ಬಿಚ್ಚುವ ದೇಶದವರು. ನಾವು ಮನೆ, ದೇವಸ್ಥಾನ, ಡಾಕ್ಟರ ದವಾಖಾನೆ, ಭಜನಾ ಮಂದಿರ, ಎಲ್ಲ ಬಾಗಿಲಲ್ಲೂ ಬಿಚ್ಚಬೇಕು. ಕನ್ನಮವಾರ್ ನಗರದ ಮೂರನೆಯ ಮಾಳಿಗೆಯ ಸತ್ಯನಾರಾಯಣ ಪೂಜೆಗೆ ಹೋದರೆ, ಹಿಂದಿನಿಂದ ಮೆಟ್ಟಿಲು ಹತ್ತಿ ಬರುವವರ ಸಾಲನ್ನು ತಡೆದು ನಿಲ್ಲಿಸಿ, ಒಂದೇ ಕಾಲಲ್ಲಿ ಗೋಡೆ ಹಿಡಿದು ಲೇಸು ಬಿಡಿಸುವವನಿಗೆ ಸಪಾದ ಭಕ್ಷ್ಯ ಸಿಗುವ ಹೊತ್ತಿಗೆ ತಣ್ಣಗಾಗಿರುತ್ತದೆ. ಮೇಲಾಗಿ, ಹೊರಗಿಟ್ಟ ಬೂಟು ಚೆನ್ನಾಗಿದ್ದಷ್ಟೂ ಒಳಗೆ ಕೂತವನ ಭಕ್ತಿ ಚಂಚಲ.

ಇದಕ್ಕೆ ಪರಿಹಾರ ಸಿಕ್ಕಿದ್ದು ವಿಕ್ಟೋರಿಯಾ ರಾಣಿಯ ಕಡೆಯಿಂದ. ಲಂಡನ್ನಿನ ಜೆ. ಸ್ಪಾರ್ಕ್ಸ್ ಹಾಲ್ ಎಂಬ ಬೂಟುಗಾರ ಲೇಸು, ಗುಂಡಿ ಏನೂ ಇಲ್ಲದೆ ಎರಡು ಬದಿಗೆ ಇಲಾಸ್ಟಿಕ್ ಹಾಕಿ ರಾಣಿಗೆ ಬೂಟು ಮಾಡಿಕೊಟ್ಟ. ಅದೇ ಇಂದಿನ ಚೆಲ್ಸೀ ಬೂಟು. ಹಿಂದಿನ ಕಿವಿ ಹಿಡಿದು ಎಳೆದರೆ ಹಾಕಿಕೊಂಡಂತೆ, ಹಿಮ್ಮಡಿ ಒತ್ತಿದರೆ ಬಿಚ್ಚಿದಂತೆ. ರಾಣಿಗೆ ಎಂದೂ ಸತ್ಯನಾರಾಯಣ ಪೂಜೆಗೆ ಮೂರು ಮಾಳಿಗೆ ಹತ್ತುವ ಪ್ರಸಂಗ ಬಂದಿರಲಿಕ್ಕಿಲ್ಲ. ಆದರೂ ಅವಳ ಪುಣ್ಯದಿಂದ ನಮಗೆ ಅನುಕೂಲವಾಯಿತು. ಇಲಾಸ್ಟಿಕ್ ಕೆಲವು ವರ್ಷಕ್ಕೆ ಸಡಿಲವಾಗುತ್ತದೆಯಲ್ಲ ಎಂದು ಚಮ್ಮಾರ ಅಣ್ಣನನ್ನು ಕೇಳಿದೆ. “ಮತ್ತ ನಾವ್ಯಾಕ ಅದೀವ್ರಿ?” ಎಂದರು.

ಕೊನೆಗೆ ಧಾರಾವಿಗೆ ಹೋಗಿ, ಸಾಯನ್–ಬಾಂದ್ರಾ ಲಿಂಕ್ ರೋಡಿನ ಚರ್ಮದ ಅಂಗಡಿಗಳ ಸಾಲಿನಲ್ಲಿ ಕಂದು ಬಣ್ಣದ ಒಂದು ಜೊತೆ ಆರಿಸಿದೆ. ಹೆಬ್ಬೆಟ್ಟು ಒತ್ತಿದರೆ ನಸುಸುಕ್ಕು ಮೂಡಿ ಮಾಯವಾಗುತ್ತಿತ್ತು. ಕತ್ತರಿಸಿದ ಅಂಚಿನಲ್ಲಿ ನಾರು ಕಾಣುತ್ತಿತ್ತು. ಒಂದು ಕಡೆ ಮುಳ್ಳು ಗೀರಿದ ಗೆರೆಯೂ ಇತ್ತು. ಅಂಗಡಿಯವನು ಆ ಗೆರೆಗಾಗಿ ಕ್ಷಮೆ ಕೇಳಿ ಬೆಲೆ ಇಳಿಸಿದ. ನಾನು ಗಂಭೀರ ಮುಖ ಮಾಡಿಕೊಂಡು ಕ್ಷಮಿಸಿದೆ.

ಚಳಿಗಾಲ ಬಂತು, ಪತ್ರಿಕೆಯಲ್ಲಿ ಅಚ್ಚಾಯಿತು, ಹೋಯಿತು. ಜೂನಿನಲ್ಲಿ ಮಳೆ ಹಿಡಿದಾಗ ಅಣ್ಣನ ಆಜ್ಞೆಯಾಯಿತು: ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬಾರದು, ಬಿಸಿಲಿಗೂ ಒಲೆಯ ಹತ್ತಿರವೂ ಒಣಗಿಸಬಾರದು, ಒಳಗೆ ಹಳೆಯ ಪೇಪರು ತುರುಕಿ ಗಾಳಿಗಿಡಬೇಕು, ಆಗಾಗ ಮೇಣದ ಪಾಲಿಶ್ ತಿಕ್ಕಬೇಕು, ಮುಖ್ಯವಾಗಿ ಹಾಕಿಕೊಂಡು ಅಡ್ಡಾಡಬೇಕು. “ತೊಟ್ಟದ್ದು ಸವೀತೈತಿ, ಇಟ್ಟದ್ದು ಸಾಯ್ತೈತಿ.”

ಮನೆಯೊಳಗೆ ಬೂಟು ಹಾಕಿ ನಡೆಯಲು ಹೆಂಡತಿ ಬಿಡುವವಳಲ್ಲ, ಹೊರಗೆ ಮೊಣಕಾಲು ಮಟ್ಟ ನೀರು. ಹೀಗಾಗಿ ಭಾನುವಾರ ಬೆಳಿಗ್ಗೆ ಬಿಲ್ಡಿಂಗಿನ ಪ್ಯಾಸೇಜಿನಲ್ಲಿ ಲಿಫ್ಟಿನಿಂದ ಮೀಟರ್ ಬಾಕ್ಸಿನವರೆಗೆ ಲುಂಗಿಯ ಮೇಲೆ ಚೆಲ್ಸೀ ಬೂಟು ತೊಟ್ಟು ಟಕ್ ಟಕ್ ಎಂದು ತಿರುಗತೊಡಗಿದೆ. ಎದುರು ಮನೆಯ ಪಾಟೀಲ ಕಾಕಾ ಬಾಗಿಲು ತೆರೆದು ನೋಡಿದರು. ಕಾರಣ ವಿವರಿಸಿದೆ. ಏನೂ ಹೇಳದೆ ಒಳಗೆ ಹೋದರು. ಮುಂದಿನ ಭಾನುವಾರ, ಮಗನ ಮದುವೆಯ ಕರಿ ಬೂಟು ಹಾಕಿಕೊಂಡು ಅವರೂ ಹೊರಬಿದ್ದರು. ಅದರ ಮರುವಾರ ಮೇಲಿನ ಮಾಳಿಗೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇಳಿದು ಬಂದರು. ಮಳೆಗಾಲವಿಡೀ ನಾವು ಸಾಲಾಗಿ, ಹೋಗಬೇಕಾದದ್ದು ಎಲ್ಲಿಗೂ ಇಲ್ಲದೆ, ಬಹಳ ಗಾಂಭೀರ್ಯದಿಂದ ನಡೆದೆವು.

“ಪರೇಡ್ ಮುಗಿದದ್ದಾ?” ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು. “ಮುಗಿದ್ರೆ ಅದನ್ನು ಬಿಚ್ಚಿಟ್ಟು, ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗಿ ಕೊತ್ತಂಬರಿ ಸೊಪ್ಪು ತನ್ನಿ ಮಾರಾಯ್ರೆ. ಪಾಟೀಲ್ರಿಗೂ ಅವರ ಮನೆಯವರು ಹೇಳಿದ್ದಾರೆ, ಲಿಂಬೆಹಣ್ಣು ಬೇಕಂತೆ.”