ಹತ್ತಿಳಿಯುವ ಬಸ್ಸು ಮತ್ತು ಕರ್ಚೀಫು

ಒಂದೇ ಟಿಕೆಟಿನಲ್ಲಿ ಬೇಕಾದ ಕಡೆ ಇಳಿದು, ನೋಡುವುದನ್ನು ನೋಡಿ, ಹಿಂದೆ ಬರುವ ಇನ್ನೊಂದು ಬಸ್ಸು ಹತ್ತಿ ಮುಂದೆ ಹೋಗಬಹುದಾದ ಪ್ರವಾಸಿ ವಾಹನಕ್ಕೆ ಹತ್ತಿಳಿಯುವ ಬಸ್ಸು ಎನ್ನಬಹುದು. ಸಾಮಾನ್ಯವಾಗಿ ಇದಕ್ಕೆ ಎರಡು ಮಹಡಿ, ಮೇಲಿನದಕ್ಕೆ ಸೂರಿಲ್ಲ. ದೆಹಲಿಯಲ್ಲಿ ಈ ಪದ್ಧತಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ಬಂತು. ಮೈಸೂರಿನಲ್ಲಿ 2021ರಲ್ಲಿ ಓಡಾಟ ಶುರುಮಾಡಿದ ‘ಅಂಬಾರಿ’ ಇದರ ಹತ್ತಿರದ ನೆಂಟ. ಶಿವಮೊಗ್ಗದಲ್ಲಿ ಇಂಥದ್ದು ಇಲ್ಲ ಎನ್ನುತ್ತಾರೆ. ಆ ಮಾತು ಅರ್ಧ ಮಾತ್ರ ನಿಜ.

ಶಿವಮೊಗ್ಗ ಕೋಟೆಯಿದ್ದ ಊರು. ಕೋಟೆಯ ಊರಿಗೂ ದೊಡ್ಡ ಬಸ್ಸಿಗೂ ಮೂಲದಲ್ಲೇ ಆಗಿಬರುವುದಿಲ್ಲ. ಗಾತ್ರದಲ್ಲಿ ದೊಡ್ಡದಾದ ಯಾವುದೂ ಸಲೀಸಾಗಿ ಒಳಗೆ ಬರಬಾರದು ಎಂದೇ ಕೋಟೆಬಾಗಿಲು ಕಟ್ಟುವುದು. ಚಿತ್ರದುರ್ಗದಲ್ಲಿ ಒಂದು ಬಾಗಿಲು ದಾಟಿದ ಕೂಡಲೇ ಮುಂದಿನದು ಎದುರಿಗೆ ಸಿಗುವುದಿಲ್ಲ, ದಾರಿ ಪಕ್ಕಕ್ಕೆ ತಿರುಗಿಬಿಡುತ್ತದೆ. ಆನೆ ಓಡಿಬಂದು ಗುದ್ದುವುದಕ್ಕೆ ಜಾಗ ಸಿಗಬಾರದಲ್ಲ. ಆನೆಯನ್ನೇ ನಂಬದವರು ಎರಡು ಮಹಡಿಯ ಬಸ್ಸಿಗೆ ಬಾಗಿಲು ತೆರೆದಾರೆಯೇ? ಹೀಗಾಗಿ ಕೋಟೆಯ ಊರು ತೋರಿಸುವ ಬಸ್ಸು ಬಹುಪಾಲು ಕೋಟೆಯ ಹೊರಗೇ ಸುತ್ತುತ್ತದೆ.

ಇಂಥ ಬಸ್ಸಿನ ಪ್ರಯಾಣಿಕರಲ್ಲಿ ಶಿವಮೊಗ್ಗದ ಸವಳಂಗ ರಸ್ತೆಯವರದು ಪ್ರತ್ಯೇಕ ವರ್ಗ. ನವುಲೆಯ ಎಂಜಿನಿಯರಿಂಗ್ ಕಾಲೇಜು ಇರುವುದು ಇದೇ ರಸ್ತೆಯಲ್ಲಿ. ಓದಿದ ಮಕ್ಕಳು ಬೆಂಗಳೂರಿಗೆ, ಅಲ್ಲಿಂದ ಹೊರದೇಶಕ್ಕೆ ಹೋಗುತ್ತಾರೆ. ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಂಡು ಅಪ್ಪ ಅಮ್ಮ ಹಿಂದಿನಿಂದ ಹೊರಡುತ್ತಾರೆ. ಇಂಗ್ಲೆಂಡಿನ ಮಗಳು ರಜೆಯ ದಿನ ಅವರನ್ನು ಯಾರ್ಕ್ ಎಂಬ ಕೋಟೆಯೂರಿಗೆ ಕರೆದೊಯ್ದು, ತೆರೆದ ಮಹಡಿಯ ಬಸ್ಸು ಹತ್ತಿಸುತ್ತಾಳೆ. ಗೃಹಸ್ಥರಿಗೆ ಮೇಲಿನ ಮಹಡಿಯ ಮುಂದಿನ ಸೀಟು ಸಿಗುತ್ತದೆ. ಪ್ರವಾಸ ಮುಗಿಯುವುದು ಇಲ್ಲಿಗೇ.

ಇದು ಅರ್ಥವಾಗಬೇಕಾದರೆ ಮಲೆನಾಡಿನ ಖಾಸಗಿ ಬಸ್ಸುಗಳ ಕರ್ಚೀಫು ಶಾಸನ ಗೊತ್ತಿರಬೇಕು. ಬಸ್ಸು ನಿಲ್ದಾಣಕ್ಕೆ ತಿರುಗುತ್ತಿರುವಾಗಲೇ ಕಿಟಕಿಯೊಳಗೆ ಕರ್ಚೀಫು ತೂರಿಸಿದವನಿಗೆ ಆ ಸೀಟು ಸೇರಿತು. ಬಾಗಿಲಿನಿಂದ ಹತ್ತು ಜನ ಮೊದಲೇ ಹತ್ತಿದ್ದರೂ ಅದು ಅವನದೇ. ಕರ್ಚೀಫಿಗಿಂತ ಟವೆಲ್ಲು ಮೇಲು, ಟವೆಲ್ಲಿಗಿಂತ ಸ್ಕೂಲ್ ಬ್ಯಾಗು ಮೇಲು. ಛತ್ರಿಯ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಪತ್ರಿಕೆ ಹಾಕಿದರೆ ಯಾರಾದರೂ ತೆಗೆದು ಓದಲು ಕೂರುವ ಅಪಾಯವುಂಟು. ಈ ಶಾಸನ ಬರೆದವರಿಲ್ಲ, ಮೀರಿದವನಿಗೆ ಮಾತ್ರ ಇಡೀ ಬಸ್ಸೇ ನ್ಯಾಯಾಲಯ.

ಮೊದಲ ನಿಲ್ದಾಣದಲ್ಲಿ ಹೆಂಡತಿ, “ರೀ, ಇಳಿಯಣ ಬನ್ನಿ, ಅಲ್ಲಿ ಏನೋ ದೊಡ್ಡ ಚರ್ಚಿದೆ” ಎನ್ನುತ್ತಾರೆ. “ಇಳಿದ್ರೆ ಸೀಟು ಹೋಗುತ್ತೆ ಕಣೇ. ಇಲ್ಲಿಂದಲೇ ಕಾಣುತ್ತಲ್ಲ” ಎಂಬುದು ಉತ್ತರ. ಎರಡನೆಯದರಲ್ಲಿ ಮಗಳು, “ಅಪ್ಪ, ಟಿಕೆಟ್ ತಗೊಂಡಿರೋದೇ ಇಳಿಯೋಕೆ” ಎಂದು ತಿಳಿಹೇಳುತ್ತಾಳೆ. ಮೂರನೆಯದರಲ್ಲಿ ಒತ್ತಡ ತಡೆಯದೆ ಗೃಹಸ್ಥರು ಕರ್ಚೀಫು ಬಿಚ್ಚಿ, ನಾಲ್ಕೂ ಮೂಲೆ ಎಳೆದು ಸೀಟಿನ ಮೇಲೆ ಹಾಸಿ, ಗಾಳಿಗೆ ಹಾರದಂತೆ ನೀರಿನ ಬಾಟಲಿ ಇಟ್ಟು, ಅಕ್ಕಪಕ್ಕದವರಿಗೆಲ್ಲ ಕಣ್ಣಲ್ಲೇ ನೋಟಿಸು ಕೊಟ್ಟು ಇಳಿಯುತ್ತಾರೆ. ಬಸ್ಸು ಹೊರಡುತ್ತದೆ. ಸೀಟು ಹೊರಡುತ್ತದೆ. ಕರ್ಚೀಫೂ ಹೊರಡುತ್ತದೆ.

ಶಾಸನದ ಲೋಪ ಬಯಲಾಗುವುದು ಆಗ. ಹತ್ತಬೇಕಾದದ್ದು ಹಿಂದೆ ಬರುವ ಬಸ್ಸನ್ನು. ಸೀಟು ಹಿಡಿದದ್ದು ಮುಂದೆ ಹೋದ ಬಸ್ಸಿನಲ್ಲಿ. ಇನ್ನೂ ಬಾರದ ಬಸ್ಸಿಗೆ ಕರ್ಚೀಫು ಹಾಕುವ ವಿದ್ಯೆ ತೀರ್ಥಹಳ್ಳಿ ಕಡೆಯವರಿಗೂ ಸಿದ್ಧಿಸಿಲ್ಲ. ಗೃಹಸ್ಥರು ಊರಿಗೆ ಬೆನ್ನು ಮಾಡಿ ರಸ್ತೆಬದಿಯಲ್ಲೇ ನಿಲ್ಲುತ್ತಾರೆ, ಅದೇ ಬಸ್ಸು ಒಂದು ಸುತ್ತು ಹಾಕಿ ಬರುವವರೆಗೆ. ಅಷ್ಟರಲ್ಲಿ ಕರ್ಚೀಫು ಮುಂದಿನ ಸೀಟಿನಲ್ಲಿ ಕೂತು ಊರನ್ನು ಸಾಂಗವಾಗಿ ನೋಡಿರುತ್ತದೆ. ಬಸ್ಸು ಮರಳಿದಾಗ ಸೀಟಿನಲ್ಲಿ ಯಾರೋ ಅಜ್ಜಿ. ಯಾರೋ ಪಾಪ ಬೀಳಿಸಿಕೊಂಡಿದ್ದಾರೆಂದು ಆಕೆ ಕರ್ಚೀಫನ್ನು ಎರಡೇ ಬೆರಳಲ್ಲಿ ಎತ್ತಿ ಡ್ರೈವರಿಗೆ ಒಪ್ಪಿಸಿರುತ್ತಾರೆ. ಡ್ರೈವರು ಅದನ್ನು ಮಡಚಿ ಗೌರವದಿಂದ ಹಿಂತಿರುಗಿಸುತ್ತಾನೆ. ಬಾಟಲಿಯನ್ನೂ.

ಇನ್ನು ಯಾರ್ಕಿನ ಕೋಟೆಗೋಡೆ. ಅದರ ಉದ್ದ ಸುಮಾರು 3.4 ಕಿಲೋಮೀಟರ್, ಬಹುಭಾಗ ಮೇಲೇ ನಡೆದಾಡಬಹುದು. 1800ರಲ್ಲಿ ಅಲ್ಲಿನ ನಗರಾಡಳಿತವೇ ಅದನ್ನು ಕೆಡವಲು ಪಾರ್ಲಿಮೆಂಟಿನ ಅನುಮತಿ ಕೇಳಿತ್ತು. ಊರಿನವರು ಜಗಳಕ್ಕೆ ನಿಂತರು. ಒಂದಿಷ್ಟು ಹೋಯಿತು, ಬಹಳಷ್ಟು ಉಳಿಯಿತು.

ಶಿವಮೊಗ್ಗದ ಕೋಟೆಗೂ ಹೆಚ್ಚುಕಡಿಮೆ ಆ ಕಾಲದಲ್ಲೇ ಸಂಕಟ ಬಂದಿತ್ತು. 1791ರ ಡಿಸೆಂಬರ್ 29ರಂದು ಪರಶುರಾಮ ಭಾವುವಿನ ಮರಾಠಾ ಪಡೆ, ಬೊಂಬಾಯಿಯ ಇಂಗ್ಲಿಷ್ ತುಕಡಿಯನ್ನು ಜೊತೆಗಿಟ್ಟುಕೊಂಡು, ಊರ ಹೊರಗೆ ಟಿಪ್ಪುವಿನ ಸೈನ್ಯವನ್ನು ಸೋಲಿಸಿತು. 1792ರ ಜನವರಿಯಲ್ಲಿ ಕೋಟೆ ಶರಣಾಯಿತು. ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದದೊಂದಿಗೆ ಯುದ್ಧ ಮುಗಿಯಿತು. ಊರನ್ನು ಸುತ್ತುವರಿದ ಗೋಡೆಯಾಗಿ ಆ ಕೋಟೆ ಇಂದು ಉಳಿದಿಲ್ಲ. ಅದಕ್ಕಾಗಿ ಇಲ್ಲಿ ಯಾರು ಜಗಳಕ್ಕೆ ನಿಂತಿದ್ದರು ಎಂದು ಕೇಳಿದರೆ ಸವಳಂಗ ರಸ್ತೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಸೈಟಿನ ಕಾಂಪೌಂಡು ಅರ್ಧ ಅಡಿ ಆಚೀಚೆಯಾದರೆ ಕೋರ್ಟಿಗೆ ಹೋಗುವ ಜನ ಇವರೇ.

ಕೋಟೆ ಪ್ರದೇಶ ನೋಡಲು ನವುಲೆಯಿಂದ ಸಿಟಿ ಬಸ್ಸು ಹಿಡಿಯಬೇಕು. ಕೈ ಅಡ್ಡ ಹಿಡಿದಲ್ಲಿ ಇದು ನಿಧಾನಿಸುತ್ತದೆ, ಕಂಡಕ್ಟರು ‘ಹೋಲ್ಡಾನ್’ ಎಂದಲ್ಲಿ ಇಳಿಸುತ್ತದೆ. ಎರಡೂ ಕಡೆ ಪೂರ್ತಿ ನಿಲ್ಲುವ ವಾಗ್ದಾನವಿಲ್ಲ. ಹತ್ತಿಳಿಯುವುದೆಂದರೆ ಇದು. ಉಷಾ ನರ್ಸಿಂಗ್ ಹೋಂ ಸರ್ಕಲ್ಲು ದಾಟಿ, ಪೇಟೆಯ ನಡುವೆ ಇಳಿದು, ಗಾಂಧಿ ಬಜಾರು ಹಾದು ತುಂಗೆಯ ಕಡೆ ನಡೆದರೆ ಕೋಟೆ ರಸ್ತೆ. ಅಲ್ಲಿ ಕೋಟೆ ಆಂಜನೇಯನ ಗುಡಿಯಿದೆ, ಶಿವಪ್ಪ ನಾಯಕನ ಅರಮನೆಯಿದೆ. ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ: ಕೆತ್ತನೆಯ ಮರದ ಕಂಬಗಳು, ಅಂಗಳದಲ್ಲಿ ವೀರಗಲ್ಲು, ಶಾಸನ, ವಿಗ್ರಹಗಳು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ರಾಜಧಾನಿ ಬಿದನೂರು. ಈ ಕಟ್ಟಡ ಹೈದರಾಲಿಯ ಕಾಲದ್ದೆಂಬುದು ಕಲಾ ಇತಿಹಾಸಕಾರರ ಮತ. ಆದರೆ ಹೆಸರಿನ ಕರ್ಚೀಫು ನಾಯಕನದು, ಬಸ್ಸಿನ ಶಾಸನದ ಪ್ರಕಾರ ಸೀಟೂ ಅವನದೇ. ರಸ್ತೆಯ ಹೆಸರೂ ಹಾಗೆಯೇ, ಎದ್ದುಹೋದ ಕೋಟೆಗಾಗಿ ಜಾಗ ಹಿಡಿದು ಕೂತಿದೆ.

ಇಷ್ಟಕ್ಕೆ ಅರ್ಧ ದಿನ ಸಾಕು. ಸವಳಂಗ ರಸ್ತೆಯ ಗೃಹಸ್ಥರು ಇದನ್ನು ನೆಂಟರು ಬಂದಾಗ ಒಟ್ಟಿಗೇ ನೋಡಿದರಾಯಿತು ಎಂದು ಇಟ್ಟುಕೊಂಡಿರುತ್ತಾರೆ. ನೆಂಟರು ಬಂದಾಗ ಜೋಗಕ್ಕೆ ಕರೆದೊಯ್ಯುತ್ತಾರೆ. ಜೋಗದಲ್ಲಿ ನೀರಿಲ್ಲದಿದ್ದರೆ ಸಕ್ರೆಬೈಲಿನ ಆನೆ ಬಿಡಾರಕ್ಕೆ.