ಥರ್ಡ್ ಅಂಪೈರ್ ಅಡುಗೆಮನೆಯಲ್ಲಿದ್ದಾರೆ

ನೋಡೋದಕ್ಕೆ ಯಾವ ಆಟ ಇಷ್ಟ ಅಂತ ಯಾರಾದರೂ ಕೇಳಿದರೆ ನನಗೆ ತಡವರಿಕೆಯೇ ಇಲ್ಲ. ಕ್ರಿಕೆಟ್ಟು, ಕಬಡ್ಡಿ, ಶಟಲ್ಲು, ಏನೂ ಬರದ ಹೊತ್ತಲ್ಲಿ ಸ್ನೂಕರೂ ನಡೆಯುತ್ತದೆ. ಆಡೋದಕ್ಕೆ ಯಾವುದು ಇಷ್ಟ ಅಂತ ಕೇಳಿದರೆ ಮಾತ್ರ ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಉತ್ತರ ಕೊಟ್ಟಿರುತ್ತಾಳೆ. "ಅವರು ಆಟ ಆಡಲ್ಲ ರೀ, ರೂಲ್ಸ್ ಆಡ್ತಾರೆ."

ಆಪಾದನೆಯಲ್ಲಿ ಹುರುಳಿದೆ. ಮೈಸೂರಿನ ನಮ್ಮ ವಠಾರದಲ್ಲಿ ಬ್ಯಾಟ್ ಇದ್ದವನು ಕ್ಯಾಪ್ಟನ್, ಬಾಲ್ ಇದ್ದವನು ಬೌಲರ್. ಎರಡೂ ಇಲ್ಲದ, ಕ್ಯಾಚೂ ಹಿಡಿಯಲಾಗದ ಹುಡುಗನಿಗೆ ಉಳಿಯುತ್ತಿದ್ದುದು ಅಂಪೈರ್ ಕೆಲಸ. ವಠಾರದ ಕ್ರಿಕೆಟ್ಟಿಗೆ ತನ್ನದೇ ಸಂವಿಧಾನವಿತ್ತು. ಕಾಂಪೌಂಡ್ ದಾಟಿದರೆ ಔಟ್. ಹೊಡೆದವನೇ ಬಾಲ್ ತರಬೇಕು. ಬ್ಯಾಟ್ ಯಾರದೋ ಅವನು ಮೊದಲ ಬಾಲಿಗೆ ಔಟಾಗುವಂತಿಲ್ಲ. ಇಂಥ ಸುಭದ್ರ ರಾಜ್ಯದಲ್ಲಿ ನಾನು ಎಲ್‌ಬಿಡಬ್ಲ್ಯೂ ಜಾರಿಗೆ ತರಲು ಹೊರಟೆ. ಅದೂ ಬ್ಯಾಟಿನ ಮಾಲೀಕನ ವಿರುದ್ಧ. ಅವನು ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದ, ಮ್ಯಾಚು ಅಲ್ಲಿಗೆ ಮುಗಿಯಿತು. ಅಂದಿನಿಂದ ಅಂಪೈರ್ ಕೆಲಸವೂ ಕೈತಪ್ಪಿತು.

ವಠಾರ ತಿರಸ್ಕರಿಸಿದ ವಿದ್ಯೆಯನ್ನು ನಾನು ಸಂಸಾರಕ್ಕೆ ತಂದೆ. ನನ್ನ ಹೆಂಡತಿ ಬೆಂಗಳೂರಿನವಳು, ಕಾಲೇಜಿನ ಥ್ರೋಬಾಲ್ ತಂಡದಲ್ಲಿ ಇದ್ದವಳು. ಬಾಲನ್ನು ಎರಡೂ ಕೈಯಲ್ಲಿ ಹಿಡಿದು, ಮೂರು ಸೆಕೆಂಡಿನೊಳಗೆ ಒಂದೇ ಕೈಯಲ್ಲಿ ಭುಜದ ಮೇಲಿಂದ ಎಸೆಯಬೇಕಾದ ಆಟ ಅದು. ಅಂದರೆ ಯೋಚನೆಗೆ ಸಮಯವಿಲ್ಲ, ಗುರಿಗೆ ಕ್ಷಮೆಯಿಲ್ಲ. ಇದನ್ನು ಹೆಣ್ಣು ನೋಡುವ ಶಾಸ್ತ್ರದ ದಿನವೇ ಯಾರಾದರೂ ನನಗೆ ಬಿಡಿಸಿ ಹೇಳಬಹುದಿತ್ತು. ಆದರೆ ಕ್ರಿಕೆಟ್ ಅವಳಿಗೆ ಗೊತ್ತಿರಲಿಲ್ಲ. ನನಗೋ ಕೊನೆಗೂ ಒಬ್ಬ ಶ್ರೋತೃ ಸಿಕ್ಕ ಸಂತೋಷ. ಊಟದ ಮೇಜಿನ ಮೇಲೆ ಮೂರು ಸ್ಟೀಲ್ ಲೋಟ ನಿಲ್ಲಿಸಿ, ನಿಂಬೆಹಣ್ಣು ಉರುಳಿಸಿ, ಸೌಟನ್ನು ಪ್ಯಾಡು ಮಾಡಿ ಎಲ್‌ಬಿಡಬ್ಲ್ಯೂ ಪಾಠ ಮಾಡಿದೆ. ಬಾಲು ಲೆಗ್ ಸ್ಟಂಪಿನ ಆಚೆ ನೆಲಕ್ಕೆ ಬಿದ್ದಿದ್ದರೆ, ಆಮೇಲೆ ಅದು ತಿರುಗಿ ನಡು ಸ್ಟಂಪಿಗೇ ಬರಲಿ, ಔಟ್ ಕೊಡುವಂತಿಲ್ಲ ಎಂದು ಮೂರು ಸಲ ಒತ್ತಿ ಹೇಳಿದೆ. ಅವಳು ಏನೂ ಮಾತಾಡದೆ ನಿಂಬೆಹಣ್ಣು ತೆಗೆದುಕೊಂಡು ಚಿತ್ರಾನ್ನಕ್ಕೆ ಹಿಂಡಿದಳು. ತಲೆಗೆ ಹೋಗಿಲ್ಲ ಅಂದುಕೊಂಡೆ.

ಹೋಗಿತ್ತು. ಸ್ವಲ್ಪ ದಿನದ ಮೇಲೆ ಅವಳ ತಮ್ಮ ನಮ್ಮ ಸ್ಕೂಟರ್ ತೆಗೆದುಕೊಂಡು ಹೋಗಿ ಹಿಂದಕ್ಕೆ ಕೊಡದ ವಿಚಾರವನ್ನು ಉಪಾಯವಾಗಿ, ಪೆಟ್ರೋಲ್ ದರದ ಕಡೆಯಿಂದ ಶುರು ಮಾಡಿ, ನಿಧಾನಕ್ಕೆ ತಿರುಗಿಸಿ ತಂದೆ. ಅವಳು ತಲೆ ಎತ್ತದೆ, "ಲೆಗ್ ಸ್ಟಂಪ್ ಆಚೆ ಪಿಚ್ ಆಗಿದೆ ಕಣ್ರೀ. ಎಷ್ಟು ತಿರುಗಿಸಿದ್ರೂ ಔಟ್ ಇಲ್ಲ" ಅಂದಳು. ಆವತ್ತಿನಿಂದ ಅವಳ ತವರಿನ ಸಮಸ್ತ ವಿಷಯಗಳೂ ಲೆಗ್ ಸ್ಟಂಪಿನ ಆಚೆಯೇ ಬೀಳುತ್ತಿವೆ. ನಮ್ಮ ಕಡೆಯವರ ವಿಷಯ ಮಾತ್ರ ನೇರ ಲೈನಿನಲ್ಲಿ ಬಿದ್ದು ನಡು ಸ್ಟಂಪಿಗೇ ಹೋಗುತ್ತದೆ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. 2023ರ ನವೆಂಬರ್ 6ರಂದು ದೆಹಲಿಯಲ್ಲಿ ಶ್ರೀಲಂಕಾ, ಬಾಂಗ್ಲಾದೇಶದ ವಿಶ್ವಕಪ್ ಪಂದ್ಯ. ಏಂಜೆಲೊ ಮ್ಯಾಥ್ಯೂಸ್ ಕ್ರೀಸಿಗೆ ಬಂದು ಹೆಲ್ಮೆಟ್ಟಿನ ಪಟ್ಟಿ ಎಳೆದಾಗ ಅದು ಕಿತ್ತುಬಂತು. ಬೇರೆ ಹೆಲ್ಮೆಟ್ ಬರುವಷ್ಟರಲ್ಲಿ ಶಕೀಬ್ ಅಲ್ ಹಸನ್ ಅಪೀಲ್ ಮಾಡಿದ. ಎರಡು ನಿಮಿಷದೊಳಗೆ ಬಾಲ್ ಎದುರಿಸಲು ಸಿದ್ಧನಿರಲಿಲ್ಲ ಎಂದು ಟೈಮ್ಡ್ ಔಟ್. ಅಂತರರಾಷ್ಟ್ರೀಯ ಕ್ರಿಕೆಟ್ಟಿನ 146 ವರ್ಷಗಳಲ್ಲಿ ಹಾಗೆ ಔಟಾದ ಮೊದಲನೆಯವನು ಅವನೇ. ನಾನು ಸೋಫಾದಿಂದ ಎದ್ದು ನಿಂತು, ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳನ್ನು ಕೈಹಿಡಿದು ಎಳೆತಂದು, ರೀಪ್ಲೇ ತೋರಿಸಿ, ಆ ನಿಯಮದ ಪೂರ್ವಾಪರವನ್ನೆಲ್ಲ ವಿವರಿಸಿದೆ. ತಮಟೆ ಬಾರಿಸಿ ನನ್ನ ವಿರುದ್ಧ ನಾನೇ ಡಂಗುರ ಸಾರಿಸಿಕೊಂಡ ಹಾಗಾಯಿತು.

ಅಲ್ಲಿಯವರೆಗೆ ಊಟಕ್ಕೆ ಕರೆದಾಗ, "ಈ ಓವರ್ ಮುಗೀಲಿ, ಬಂದೆ" ಅನ್ನುವ ಸೌಲಭ್ಯ ನನಗಿತ್ತು. ಈಗ ತಟ್ಟೆ ಇಟ್ಟ ಕ್ಷಣದಿಂದ ಎರಡು ನಿಮಿಷ. ಒಂದು ರಾತ್ರಿ ತಡವಾಗಿ ಹೋದೆ. ಮಗಳು ಅಪೀಲ್ ಮಾಡಿದಳು, ಅವಳಮ್ಮ ಬೆರಳೆತ್ತಿದಳು, ನನ್ನ ಪಾಲಿನ ಒಬ್ಬಟ್ಟು ಅಪೀಲ್ ಮಾಡಿದವಳ ತಟ್ಟೆಗೆ ಹೋಯಿತು. ನಾನು ಕನ್ನಡಕ ಎತ್ತಿ ಹಿಡಿದು, ನೋಡಿ, ಕಾಲು ಕಿತ್ತುಬಂದಿದೆ, ಕಣ್ಣು ಕಾಣದೆ ಹೇಗೆ ಬರಲಿ ಎಂದು ಕೇಳಿಕೊಂಡೆ. "ಮ್ಯಾಥ್ಯೂಸೂ ಇದನ್ನೇ ತೋರಿಸಿದ್ದು" ಅಂದಳು ಮಗಳು, ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಾ.

ನ್ಯಾಯ ಕೇಳಲು ದಾರಿಯಿಲ್ಲವೆಂದಲ್ಲ, ಡಿಆರ್‌ಎಸ್ ಇದೆ. ಅದನ್ನೂ ನಾನೇ ತಂದದ್ದು. ಟೆಸ್ಟಿನಲ್ಲಿ ಇನಿಂಗ್ಸಿಗೆ ಮೂರು ರಿವ್ಯೂ, ಒಂದು ದಿನದ ಪಂದ್ಯದಲ್ಲಿ ಎರಡು. ಮದುವೆ ಅನ್ನುವುದು ಟೆಸ್ಟ್ ಮ್ಯಾಚಾದ್ದರಿಂದ ನನಗೆ ಮೂರು ಬೇಕು ಎಂದು ವಾದಿಸಿದೆ. "ಟೆಸ್ಟ್ ಐದು ದಿನಕ್ಕೆ ಮುಗಿಯುತ್ತೆ" ಎಂದು ಅವಳು ಎರಡಕ್ಕೇ ಇಳಿಸಿದಳು. ಥರ್ಡ್ ಅಂಪೈರ್ ನಮ್ಮಮ್ಮ. ಸೊಪ್ಪು ಬಿಡಿಸುತ್ತಾ ಅಡುಗೆಮನೆಯಲ್ಲಿ ಕೂತಿರುತ್ತಾರೆ. ಹೆತ್ತ ತಾಯಿ, ಪಕ್ಷಪಾತ ಮಾಡದೆ ಎಲ್ಲಿ ಹೋಗುತ್ತಾರೆ ಎಂಬ ಲೆಕ್ಕಾಚಾರದಿಂದ ನಾನೇ ನೇಮಿಸಿದ್ದೆ. ಬೆಳಗ್ಗೆ ಹಾಲು ಉಕ್ಕಿದ್ದು ನನ್ನಿಂದಲ್ಲ ಎಂದು ಮೊದಲ ರಿವ್ಯೂ ತೆಗೆದುಕೊಂಡೆ. ಅಮ್ಮ ಎರಡು ಕಟ್ಟು ದಂಟು ಬಿಡಿಸುವಷ್ಟು ಹೊತ್ತು ಯೋಚಿಸಿ, "ನಾನು ಪೂರ್ತಿ ನೋಡ್ಲಿಲ್ಲಪ್ಪ. ಅವಳು ಹೇಳಿದ್ಮೇಲೆ ಇದ್ದೀತು" ಅಂದರು.

ಬಾಲು ಸ್ಟಂಪಿಗೆ ಅರ್ಧಕ್ಕಿಂತ ಕಡಿಮೆ ತಗಲುವಂತೆ ಕಂಡರೆ, ಮೈದಾನದಲ್ಲಿರುವ ಅಂಪೈರ್ ಮೊದಲು ಏನು ಹೇಳಿದ್ದರೋ ಅದೇ ಉಳಿಯುತ್ತದೆ. ಅದಕ್ಕೆ ಅಂಪೈರ್ಸ್ ಕಾಲ್ ಅನ್ನುತ್ತಾರೆ. ನಮ್ಮಮ್ಮನಿಂದ ಇವತ್ತಿನವರೆಗೂ ಬೇರೆ ತೀರ್ಪು ಬಂದಿಲ್ಲ. ಸಮಾಧಾನ ಏನೆಂದರೆ ಅಂಪೈರ್ಸ್ ಕಾಲ್ ಆದಾಗ ರಿವ್ಯೂ ಕಳೆದುಹೋಗುವುದಿಲ್ಲ. ಹಾಗಾಗಿ ನನ್ನ ಎರಡೂ ರಿವ್ಯೂಗಳು ಸುರಕ್ಷಿತವಾಗಿವೆ. ಪ್ರತಿಸಲ ಸೋಲುತ್ತೇನೆ, ಹಕ್ಕು ಮಾತ್ರ ಹಾಗೇ ಇದೆ.

ಅಂಪೈರುಗಳ ಬಗ್ಗೆ ನನಗೆ ಸಹಜವಾಗಿ ಅಭಿಮಾನ. ಕುಂಬ್ಳೆ 1999ರ ಫೆಬ್ರವರಿ 7ರಂದು ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ತೆಗೆದದ್ದನ್ನು ಲೋಕವೆಲ್ಲ ಹೇಳುತ್ತದೆ. ನಾನು ಆ ಪಂದ್ಯದಲ್ಲಿ ಅಂಪೈರ್ ಆಗಿದ್ದ ನಮ್ಮವರೇ ಆದ ಎ.ವಿ. ಜಯಪ್ರಕಾಶ್ ಬಗ್ಗೆ ಹೇಳುತ್ತೇನೆ. ಆಮೇಲೆ ಮೈಸೂರಿನ ಶ್ರೀನಾಥ್ ಬಗ್ಗೆ. ಒಂಬತ್ತು ವಿಕೆಟ್ ಬಿದ್ದ ಮೇಲೆ ಹತ್ತನೆಯದು ತಪ್ಪಿಯೂ ತನಗೆ ಸಿಗಬಾರದೆಂದು ಸ್ಟಂಪಿನಿಂದ ದೂರ ದೂರ ಬಾಲ್ ಹಾಕಿದ ದೊಡ್ಡ ಮನುಷ್ಯ. ಪ್ರತಿ ಫೆಬ್ರವರಿಯಲ್ಲೂ ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ. ಈ ಸಲ ಹೆಂಡತಿ ಕೊನೆಯವರೆಗೆ ಕೇಳಿಸಿಕೊಂಡು, "ಅದೇ ನೋಡಿ ಸಂಸ್ಕಾರ. ಬೆಂಗಳೂರಿನವರು ಗೆಲ್ಲೋವಾಗ ಮೈಸೂರಿನವರು ವೈಡ್ ಹಾಕ್ಬೇಕು" ಅಂದಳು. ಗಂಟಲು ಸರಿಹೋಯಿತು.

ಹಾಗಾದರೆ ನಾನು ಏನನ್ನೂ ಆಡಿಯೇ ಇಲ್ಲವೇ? ಆಡಿದ್ದೇನೆ. ಸಂಜೆ ಗೇಟಿನ ಮುಂದೆ ಶಟಲ್. ನೆಟ್ ಇಲ್ಲ, ಎದುರು ಮನೆಗೆ ಹೋಗುವ ಕೇಬಲ್ ವೈರೇ ನೆಟ್. ಪ್ರಕಾಶ್ ಪಡುಕೋಣೆ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ ಅಭ್ಯಾಸ ಮಾಡಿ, 1980ರಲ್ಲಿ ಲಿಯೆಮ್ ಸ್ವೀ ಕಿಂಗ್‌ನನ್ನು ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು, ನಮಗೆ ವೈರ್ ಸಾಲದೇ ಎಂದು ಮಗಳಿಗೆ ಹುರುಪು ತುಂಬಿದೆ. "ಅವರು ಮದುವೆ ಹಾಲಲ್ಲಿ ಆಟ ಕಲಿತ್ರು, ಇವರು ಹೋಳಿಗೆ ಎಷ್ಟು ಸಲ ಬಡಿಸ್ಕೋಬಹುದು ಅನ್ನೋದು ಕಲಿತ್ರು" ಎಂದು ಒಳಗಿನಿಂದ ಕಾಮೆಂಟರಿ ಬಂತು. ಲೆಕ್ಕಿಸಲಿಲ್ಲ.

ತೊಂದರೆ ಬಂದದ್ದು ಸರ್ವಿಸ್ಸಿನಲ್ಲಿ. ಹಿಂದೆ ಶಟಲ್ಲನ್ನು ಸೊಂಟಕ್ಕಿಂತ ಕೆಳಗೆ ಹೊಡೆಯಬೇಕೆಂಬ ನಿಯಮವಿತ್ತು. ನನ್ನ ಸೊಂಟ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದರ ಬಗ್ಗೆ ದರ್ಜಿಗೂ ನನಗೂ ಭಿನ್ನಾಭಿಪ್ರಾಯವಿರುವುದರಿಂದ ಆ ನಿಯಮ ನನಗೆ ಅನುಕೂಲವಾಗಿಯೇ ಇತ್ತು. 2018ರಲ್ಲಿ ಅದನ್ನು ನೆಲದಿಂದ 1.15 ಮೀಟರ್ ಎಂದು ಬಿಗಿ ಮಾಡಿದರು. ನಾನು ಹೆಂಡತಿಯ ಬ್ಲೌಸ್ ಅಳತೆಯ ಟೇಪ್ ತಂದು ಗೇಟಿನ ಕಂಬಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮಗಳ ಸರ್ವಿಸ್ ಫಾಲ್ಟ್. ಪಕ್ಕದ ಮನೆ ಹುಡುಗನದೂ ಫಾಲ್ಟ್. ಮತ್ತೆ ಮಗಳದು ಫಾಲ್ಟ್. ಒಂದೂ ಶಟಲ್ ನನ್ನ ರಾಕೆಟ್ಟಿಗೆ ತಾಗದೆ ನಾನು ಏಳು ಪಾಯಿಂಟ್ ಮುಂದಿದ್ದೆ. ನನ್ನ ಕ್ರೀಡಾಜೀವನದಲ್ಲಿ ಅಷ್ಟು ದೊಡ್ಡ ಮುನ್ನಡೆ ಹಿಂದೆ ಸಿಕ್ಕಿರಲಿಲ್ಲ. ಮಕ್ಕಳು ಪಕ್ಕದ ರಸ್ತೆಗೆ ಹೋದರು. ಅಲ್ಲಿ ಕೇಬಲ್ ವೈರೂ ಇಲ್ಲ, ಆದರೂ ಅಲ್ಲೇ ಆಡುತ್ತಾರೆ.

ಕಬಡ್ಡಿ ಅಮ್ಮನ ಆಟ. ಹಳ್ಳಿಯಲ್ಲಿ ಅಣ್ಣತಮ್ಮಂದಿರು ಕಣದಲ್ಲಿ ಉಸಿರು ಕಟ್ಟಿ ಆಡಿದ್ದನ್ನು ನೋಡಿ ಬೆಳೆದವರು. ಟಿವಿಯಲ್ಲಿ ರೈಡಿಗೆ ಮೂವತ್ತು ಸೆಕೆಂಡಿನ ಗಡಿಯಾರ ಕಂಡು, "ಉಸಿರಿರೋವರೆಗೂ ಆಡೋ ಆಟಕ್ಕೆ ಗಡಿಯಾರ ಯಾಕೋ?" ಎಂದು ಕೇಳಿದ್ದರು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಫೈನಲ್ ಗೆದ್ದ ರಾತ್ರಿ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದಾಗ, "ಆ ಮಗು ಊಟ ಮಾಡಿದೆಯೋ ಇಲ್ಲವೋ" ಎಂದು ಮರುಗಿದರು. ಅವರಿಗೂ ನಾನು ನಿಯಮ ಕಲಿಸಿದೆ. ಎದುರಿಗೆ ಆರು ಅಥವಾ ಹೆಚ್ಚು ಜನ ಇದ್ದಾಗ ಮಾತ್ರ ಬೋನಸ್ ಗೆರೆಗೆ ಬೆಲೆ. ಮೂವರೋ ಅದಕ್ಕೂ ಕಡಿಮೆಯೋ ಇದ್ದು ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್.

ಗೌರಿ ಹಬ್ಬದಲ್ಲಿ ಅತ್ತಿಗೆ, ಅಕ್ಕ, ಚಿಕ್ಕಮ್ಮ ಎಲ್ಲ ಸೇರಿ ಅಡುಗೆಮನೆ ತುಂಬಿತ್ತು. ನಾನು ಕೋಡುಬಳೆ ಡಬ್ಬದ ಕಡೆ ಒಂದು ರೈಡ್ ಹೋದೆ. ಅಮ್ಮ ತಲೆ ಎಣಿಸಿ, "ಏಳು ಜನ ಇದೀವಿ. ಹೊಸ್ತಿಲು ಮುಟ್ಟಿದಾನೆ, ಬೋನಸ್ ಒಂದು ಕೊಡಿ" ಅಂದರು. ಇಷ್ಟು ನ್ಯಾಯವಾದ ವ್ಯವಸ್ಥೆಯಿದೆಯೇ ಎಂದು ಹಿಗ್ಗಿ ಮಧ್ಯಾಹ್ನ ಮತ್ತೆ ಹೋದೆ. ಆಗ ಅಲ್ಲಿದ್ದವರು ಮೂವರೇ. ಡಬ್ಬಕ್ಕೆ ಕೈ ಹಾಕಿದ ಕೂಡಲೇ ಹೆಂಡತಿ ಒಂದು ತೋಳು, ಅಕ್ಕ ಇನ್ನೊಂದು ತೋಳು ಹಿಡಿದರು, ಅಮ್ಮ ಮುಚ್ಚಳ ಹಾಕಿದರು. ಸೂಪರ್ ಟ್ಯಾಕಲ್. ಎರಡು ಪಾಯಿಂಟಿನ ಲೆಕ್ಕಕ್ಕೆ ಸಂಜೆಯ ಎರಡು ಕೋಡುಬಳೆ ವಜಾ.

ಆ ರಾತ್ರಿ ಅಮ್ಮ ನೆಲದ ಮೇಲೆ ಐದೈದರ ಮನೆ ಬರೆದು ಚೌಕಾಬಾರಕ್ಕೆ ಕೂತರು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ನನ್ನ ಕಾಯಿ ಅಮ್ಮನ ಕಾಯಿಯಿಂದ ಸರಿಯಾಗಿ ನಾಲ್ಕು ಮನೆ ಮುಂದಿತ್ತು. ಅಮ್ಮ ಕವಡೆ ಬಿಟ್ಟರು. ಮೂರು ಅಂಗಾತ ಬಿದ್ದವು. ನಾಲ್ಕನೆಯದು ಜಮಖಾನದ ಅಂಚಿಗೆ ಒರಗಿ ಅರ್ಧಂಬರ್ಧ ನಿಂತಿತು. "ಚೌಕ" ಎಂದು ಅಮ್ಮ ನನ್ನ ಕಾಯಿ ಹೊಡೆದೇಬಿಟ್ಟರು.

"ಒರಗಿದ ಕವಡೆ ಲೆಕ್ಕಕ್ಕಿಲ್ಲ, ಮತ್ತೆ ಹಾಕಬೇಕು" ಅಂದೆ.

"ನಮ್ಮಮ್ಮನ ಮನೇಲಿ ಹೀಗೇ ಆಡ್ತಿದ್ದಿದ್ದು" ಅಂದರು ಅಮ್ಮ.

"ತವರುಮನೆ ವಿಷಯ. ಲೆಗ್ ಸ್ಟಂಪ್ ಆಚೆ" ಅಂದಳು ಹೆಂಡತಿ.

"ಅಪ್ಪ, ನಿಂಗೆ ಎರಡು ರಿವ್ಯೂ ಇದೆ. ತಗೋತೀಯಾ?" ಅಂದಳು ಮಗಳು.

ಥರ್ಡ್ ಅಂಪೈರೇ ಕಾಯಿ ಹೊಡೆದಿರುವಾಗ ರಿವ್ಯೂ ಯಾರ ಹತ್ತಿರ ಕೇಳುವುದು? ಇದಕ್ಕೆ ನಿಯಮ ಇದ್ದೇ ಇರಬೇಕು ಎಂದು ತಲೆಯೊಳಗೆ ಪುಟ ತಿರುಗಿಸತೊಡಗಿದೆ. ಹೆಂಡತಿ ಗೋಡೆ ಗಡಿಯಾರ ನೋಡುತ್ತಾ ಹದಿನೈದರಿಂದ ಹಿಂದಕ್ಕೆ ಎಣಿಸಲು ಶುರು ಮಾಡಿದಳು. ಹನ್ನೆರಡು, ಹನ್ನೊಂದು, ಹತ್ತು. ನಾಲ್ಕಕ್ಕೆ ಬಂದಾಗ ನಾನು ಎರಡೂ ಕೈಯಿಂದ ಇಂಗ್ಲಿಷಿನ ಟಿ ಆಕಾರ ಮಾಡಿದೆ.

"ಕೈ ಹೇಗೂ ಎತ್ತಿದೀರಲ್ಲ," ಅಂದಳು, "ಹಾಗೇ ಹೋಗಿ ಅಟ್ಟದ ಮೇಲಿರೋ ಪರಾತ ಇಳಿಸಿಕೊಡಿ."